ಹೊಳೆಯೊಳಗೆ ಒಬ್ಬ

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೊಳೆದಂಡೆಯ ಆ ಮಠದಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು.

ಸ್ನಾನಕ್ಕೆ ಇಳಿಯುವವರು ಅದರಲ್ಲಿ ಹೆಸರು ಬರೆಸಬೇಕು. ಮೇಲೆ ಬಂದಾಗ ಹೊರಬಂದ ವೇಳೆ ಬರೆಸಬೇಕು. ಸಂಜೆ ನೀರಿನಲ್ಲಿ ಯಾರೂ ಇಲ್ಲ, ಹೊಳೆ ಖಾಲಿಯಾಯಿತೆಂದು ಮಠದಿಂದ ಹೇಳಿದ ಮೇಲೆಯೇ ಮೇಲಿನ ಅಣೆಕಟ್ಟಿನವರು ಗೇಟು ಎತ್ತುತ್ತಿದ್ದರು. ಕೆಳಗಿನ ಊರುಗಳಿಗೆ ಅದೇ ಕುಡಿಯುವ ನೀರು.

ಮಠದ ಹಿರಿಯರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ತೋಂಟೇಶ ಕಂಪ್ಯೂಟರ್ ಕಲಿತವನು. ಕೈ ಚುರುಕು, ಬಾಯಿ ಇನ್ನೂ ಚುರುಕು.

"ಅಜ್ಜಾರ, ಇನ್ನ ನಿಮಗ ಫೋನ್ ಮಾಡೋ ತ್ರಾಸಿಲ್ರಿ. ಹೊಸ ವೆಬ್ ಫ್ರೇಮ್‌ವರ್ಕ್ ತಂದು ಅಪ್ಲಿಕೇಶನ್ ಕಟ್ಟೀನಿ. ನೀರಾಗಿನ ಮಂದಿ ಸೊನ್ನೆ ಆದ ಕೂಡಲೇ ಅಣೆಕಟ್ಟಿಗೆ ತಾನ ಮೆಸೇಜ್ ಹೋಗ್ತೈತಿ."

"ಹೆಸರೆಲ್ಲ ಎಲ್ಲಿ ಇಟ್ಟಿ?"

"ಇದ್ದಲ್ಲೇ ಅದಾವ್ರಿ. ಈ ಹಳೇ ಯಂತ್ರದಾಗ ಡೇಟಾಬೇಸು ಬ್ಯಾರೆ ಇಲ್ಲ, ಹೊಟ್ಟಿಯೊಳಗ ಕೂಡಿಕೊಂಡೇ ಬಂದೈತಿ. ನನ್ನ ಅಪ್ಲಿಕೇಶನ್ ಅದರ ಮ್ಯಾಲೆ ನಡೀತೈತಿ."

"ಅಂದ್ರ ಮನಿ ಅದರದು. ನೀ ಬಾಡಿಗಿಗೆ ಬಂದಾವ."

ತೋಂಟೇಶ ನಕ್ಕುಬಿಟ್ಟ. ಅಜ್ಜಾರಿಗೆ ವಯಸ್ಸಾಯಿತು ಅಂದುಕೊಂಡ.

ಆ ಸಂಜೆ ಎಲ್ಲರೂ ಮೇಲೆ ಬಂದರು. ಪರದೆಯ ಮೇಲೆ ಮಾತ್ರ ಒಂದು ಎಂದೇ ಇತ್ತು.

ತೋಂಟೇಶ ತೆರೆದು ನೋಡಿದ. ಮುಪ್ಪಣ್ಣ ಎಂಬ ಹೆಸರು. ನೀರಿಗೆ ಇಳಿದು ಮೂವತ್ತೊಂದು ವರ್ಷವಾಗಿತ್ತು. ಹೊರಬಂದ ವೇಳೆಯ ಜಾಗ ಖಾಲಿ.

ಎಂಥದೋ ಹಳೇ ತಪ್ಪು ಎಂದು ಅಳಿಸಿದ. ಅಳಿಸಲಾಗಿದೆ ಎಂದು ಬಂತು. ಕಣ್ಣು ಪಿಳುಕಿಸುವಷ್ಟರಲ್ಲಿ ಹೆಸರು ಅಲ್ಲೇ ಇತ್ತು.

ಮತ್ತೆ ಅಳಿಸಿದ. ಮತ್ತೆ ಬಂತು. ಐದನೇ ಸಲಕ್ಕೆ ಅವನ ಮೈಮೇಲಿನ ಕೂದಲು ನಿಮಿರಿ ನಿಂತವು.

ಅವನು ದಂಡೆಗೆ ಓಡಿಬಂದಾಗ ಅಜ್ಜಾರು ಸ್ನಾನಘಟ್ಟದ ಕೊನೆಯ ಮೆಟ್ಟಿಲ ಮೇಲೆ ನಿಂತು, ದಿನದಂತೆ, ಹೊಳೆಗೆ ಮುಖ ಮಾಡಿ ಕೂಗುತ್ತಿದ್ದರು. "ಮುಪ್ಪಣ್ಣಾ!" ಮೂರು ಸಲ. ಒಂದೊಂದು ಸಲವೂ ನೀರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಒಳಗೆ ಬಂದು ಅಣೆಕಟ್ಟಿಗೆ ಫೋನ್ ಮಾಡಿದರು.

ಅದೊಂದು ಮಂತ್ರ ಎಂದೇ ತೋಂಟೇಶ ಇಷ್ಟು ದಿನ ತಿಳಿದಿದ್ದ.

"ಯಾರ್ರಿ ಮುಪ್ಪಣ್ಣ?"

"ನನ್ನ ಜೋಡಿ ಶಿಷ್ಯ ಆಗಿದ್ದ. ಒಂದ ತಾಟಿನಾಗ ಉಂಡಾವರು ನಾವು. ಅವತ್ತು ಅವ ನೀರಾಗಿದ್ದ. ಹೊಳಿ ಖಾಲಿ ಐತಿ ಅಂತ ಫೋನ್ ಮಾಡಿದಾವ ನಾನು."

ತೋಂಟೇಶ ಮೆಲ್ಲಗೆ ಅಂದ, "ಸತ್ತಾವ್ರ ಹೆಸರು ಅಳಸಬೇಕಲ್ರಿ ಅಜ್ಜಾರ? ಅದು ಇರೋತನಕ ಸೊನ್ನೆ ಆಗಂಗಿಲ್ಲ."

"ಅವ ಹೊರಗ ಬಂದಾನೇನು?"

"ಇಲ್ರಿ."

"ಹಂಗಾದ್ರ ಹೆಂಗ ಅಳಸ್ತಿ?"

ಮರುದಿನ ತೋಂಟೇಶ ಡೇಟಾಬೇಸಿನ ಆಳಕ್ಕೆ ಇಳಿದು ಹುಡುಕಿದ. ಅಲ್ಲೊಂದು ಹಳೇ ನಿಯಮ ಕೂತಿತ್ತು. ಆ ಹೆಸರನ್ನು ಯಾರು ಅಳಿಸಿದರೂ ತಿರುಗಿ ಬರೆಯುವ ನಿಯಮ. ಅದರ ನೆತ್ತಿಯ ಮೇಲೆ ಯಾರೋ ಒಂದು ಸಾಲು ಬರೆದಿಟ್ಟಿದ್ದರು: ದಂಡೆಗೆ ಹೋಗಿ ಕೂಗದೆ ಹೊಳೆ ಖಾಲಿ ಅನ್ನಬೇಡ.

ಅಬ್ಬಾ, ಇಷ್ಟೇನಾ! ಅವನ ಭಯ ಇಳಿದುಹೋಯಿತು. ನಿಯಮವನ್ನು ನಿಲ್ಲಿಸಿ ಹೆಸರು ಅಳಿಸಿದ. ಈ ಸಲ ಅದು ಬರಲಿಲ್ಲ.

ಸಂಜೆ ಕೊನೆಯವರು ಮೇಲೆ ಬಂದ ಕೂಡಲೇ ಪರದೆಯ ಮೇಲೆ ಸೊನ್ನೆ ಬಿತ್ತು. ಮೆಸೇಜ್ ಹೋಯಿತು. ಹತ್ತು ನಿಮಿಷಕ್ಕೆ ಗೇಟು ಎತ್ತುತ್ತೇವೆ ಎಂದು ಅಣೆಕಟ್ಟಿನಿಂದ ಉತ್ತರವೂ ಬಂತು.

ಹಿಗ್ಗಿನಿಂದ ಅಜ್ಜಾರ ಕೋಣೆಗೆ ಓಡಿದ. ಅಜ್ಜಾರು ಇರಲಿಲ್ಲ.

ಅಡುಗೆಮನೆಯಲ್ಲಿಲ್ಲ. ಗದ್ದುಗೆಯ ಹತ್ತಿರವೂ ಇಲ್ಲ. ಕೊನೆಯ ಮೆಟ್ಟಿಲ ಮೇಲೆ ಅವರ ಪಾದುಕೆ, ಮಡಿಸಿಟ್ಟ ಕಾವಿ ಶಾಲು.

ತೋಂಟೇಶ ಜೇಬಿನಿಂದ ಫೋನ್ ತೆಗೆದು ಅಣೆಕಟ್ಟಿಗೆ ಕರೆ ಮಾಡಿದ.

"ಗೇಟು ಎತ್ತಬ್ಯಾಡ್ರಿ! ನಿಮ್ಮ ಕೈ ಮುಗೀತೀನಿ, ನಮ್ಮ ಅಜ್ಜಾರು ನೀರಾಗ ಅದಾರ!"

"ನಿಮ್ಮ ಮೆಸೇಜಿನಾಗ ಸೊನ್ನೆ ಐತಲ್ರಿ?"

"ಸುಳ್ಳರೀ ಅದು! ನಿಲ್ಲಸ್ರಿ!"

ನಿಲ್ಲಿಸಿದರು. ಅವನು ಹೊಳೆಗೆ ಮುಖ ಮಾಡಿ ಕೂಗಿದ.

"ಅಜ್ಜಾರ!"

ನೀರು ಅಲುಗಲಿಲ್ಲ.

"ಅಜ್ಜಾರ!"

ದಂಡೆಯ ಕಪ್ಪೆಗಳೂ ಸುಮ್ಮನಾದವು.

"ಅಜ್ಜಾರಾ!"

"ಓ..."

ನಡುಹೊಳೆಯ ಬಂಡೆಯ ಕಡೆಯಿಂದ ಬಂತು. ಹರೆಯದ ದನಿ. ಅದನ್ನೆಲ್ಲ ಯೋಚಿಸಲು ಅವನಿಗೆ ವೇಳೆ ಎಲ್ಲಿತ್ತು! ಬಟ್ಟೆಸಮೇತ ನೀರಿಗೆ ಬಿದ್ದ. ಎದೆಮಟ್ಟ ಹೋದ, ಬಂಡೆ ಮುಟ್ಟಿದ, ಸುತ್ತ ಕೈಯಾಡಿಸಿದ. ಯಾರೂ ಇರಲಿಲ್ಲ.

"ಏ ತೋಂಟ್ಯಾ, ಮ್ಯಾಲೆ ಬಾ."

ಅಜ್ಜಾರು ದಂಡೆಯ ಮೇಲಿದ್ದರು. ಉಟ್ಟ ಬಟ್ಟೆಯ ಒಂದು ಎಳೆಯೂ ಒದ್ದೆಯಾಗಿರಲಿಲ್ಲ.

ತೋಂಟೇಶ ಮೇಲೆ ಬಂದು ಅವರ ಕಾಲು ಹಿಡಿದು ಅತ್ತ. ಆಮೇಲೆ ಸಿಟ್ಟೂ ಬಂತು.

"ಎಲ್ಲಿದ್ರಿ ನೀವು? ನನ್ನ ಜೀವಾನ ಹೋಗಿತ್ತು!"

"ಮುಪ್ಪಣ್ಣನ ಹೆಸರು ನೀ ಅಳಿಸಿದ್ದು ನೋಡಿ ಬೇವಿನ ಗಿಡದ ಹಿಂದ ಕುಂತಿದ್ದೆ. ನೀ ದಂಡಿಗೆ ಬಂದು ಕೂಗ್ತೀಯೋ ಇಲ್ಲೋ ನೋಡಬೇಕಾಗಿತ್ತು."

"ಕೂಗಿದೆ. ನೀವು ನಡುಹೊಳಿ ಬಂಡೆಗಲ್ಲ ಕಡೆಯಿಂದ ಓ ಅಂದ್ರಿ."

ಅಜ್ಜಾರು ತಟ್ಟನೆ ಬಂಡೆಯ ಕಡೆ ತಿರುಗಿದರು.

"ಅಜ್ಜಾರ, ಓ ಅಂದಾವ್ರು ನೀವಲ್ಲೇನ್ರಿ?"

ಅವರ ಕಣ್ಣು ತುಂಬಿ ಬಂದಿತ್ತು. ಆಮೇಲೆ ಪಾದುಕೆ ಮೆಟ್ಟಿ ಶಾಲು ಹೊದ್ದರು.

"ಹೋಗಿ ಆ ಹೆಸರು ಮತ್ತ ಬರಿ. ನಾಳಿಂದ ನೀನ ಕೂಗು. ಮೂವತ್ತೊಂದು ವರ್ಷ ನಾ ಕರದರೂ ಅವ ಒಂದು ಸಲಾನೂ ಓ ಅಂದಿಲ್ಲ. ನನ್ನ ಮ್ಯಾಲಿನ ಸಿಟ್ಟು ಅವಗ ಇನ್ನೂ ಇಳಿದಿಲ್ಲ."