ರೈತನ ಹೆಸರಿನ ಕೋವಿ

"ಗುರುಗಳೇ, ನಮ್ಮ ಸೋದರಮಾವನಿಗೆ ಕೋವಿಯ ಲೈಸೆನ್ಸ್ ಕೊಡಲಿಲ್ಲ. ನಿನ್ನ ಹೆಸರಿನಲ್ಲಿ ತೆಗೆದುಕೊಡು ಎನ್ನುತ್ತಾರೆ. ದುಡ್ಡು ಅವರದು, ಇಟ್ಟುಕೊಳ್ಳುವವರೂ ಅವರೇ. ನಾನು ಕೊಡುವುದು ಬರೀ ಹೆಸರು. ಇದು ತಪ್ಪೋ ಸರಿಯೋ, ನನಗೊಂದೂ ತಿಳಿಯುತ್ತಿಲ್ಲ" ಎಂದು ಶಿಷ್ಯ ಚಂದ್ರಯ್ಯ ಕೇಳಿದ.

ಗುರುಗಳು ನಕ್ಕರು. "ಪಟಾಕಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವವನ ಹೆಸರಿಗೆ ಕೋವಿಯೇ! ಇರಲಿ, ಕೇಳು" ಎಂದು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವನ ಶೇಂಗಾ ಹೊಲಕ್ಕೆ ಕಾಡುಹಂದಿಗಳು ನುಗ್ಗುತ್ತಿದ್ದವು. ಕೋವಿ ಬೇಕೆಂದು ಅರ್ಜಿ ಹಾಕಿದ. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಅವನ ಸ್ವಂತ ತಮ್ಮನೇ ಕೈಮುಗಿದು, "ಅಣ್ಣನಿಗೆ ಮಾತ್ರ ಕೊಡಬೇಡಿ ಸ್ವಾಮಿ. ಸಿಟ್ಟು ಬಂದರೆ ಅವನಿಗೆ ಹಿಂದುಮುಂದು ಕಾಣುವುದಿಲ್ಲ" ಎಂದ. ಅರ್ಜಿ ಬಿದ್ದುಹೋಯಿತು.

ವ್ಯಾಪಾರಿ ತನ್ನ ಗೆಳೆಯನಾದ ಒಬ್ಬ ರೈತನನ್ನು ಹಿಡಿದು, ದುಡ್ಡು ನನ್ನದು, ಕೋವಿ ನಿನ್ನ ಹೆಸರಿನಲ್ಲಿ ತೆಗೆದುಕೊಡು ಎಂದ. ರೈತ ಮೆತ್ತಗಿನ ಮನುಷ್ಯ, ಯಾರಿಗೂ ಇಲ್ಲ ಎನ್ನಲು ಬಾರದವನು. ತನ್ನ ಹೊಲದ ಕಾವಲಿಗೆಂದು ಬರೆದು ಅರ್ಜಿ ಹಾಕಿದ. ಮತ್ತೆ ವಿಚಾರಣೆ ನಡೆಯಿತು. ಈ ಸಲ ಅದೇ ತಮ್ಮ ಮುಂದೆ ಬಂದು ಸಾಕ್ಷಿ ಸಹಿ ಹಾಕಿದ. "ಇವನ ಕೈಯಲ್ಲಿದ್ದರೆ ನಮಗೆ ಭಯವಿಲ್ಲ" ಎಂದ. ರೈತನಿಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೂ ಕಾಗದಕ್ಕೆ ತನ್ನ ಸಹಿಯನ್ನೂ ಹಾಕಿದ. ಕೋವಿ ಬಂದ ದಿನವೇ ಗುಟ್ಟಾಗಿ ವ್ಯಾಪಾರಿಯ ಅಟ್ಟ ಸೇರಿತು.

ಎರಡು ವರ್ಷ ಏನೂ ಆಗಲಿಲ್ಲ. ಪಂಚಾಯಿತಿ ಚುನಾವಣೆ ಬಂತು. ಚುನಾವಣೆ ಎಂದರೆ ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು. ರೈತ ವ್ಯಾಪಾರಿಯಿಂದ ಕೋವಿ ತಂದು ತನ್ನದೆಂದು ಒಪ್ಪಿಸಿ ರಸೀದಿ ಪಡೆದ. ಆ ಸಲ ಅಣ್ಣತಮ್ಮಂದಿರೇ ಎದುರುಬದುರು ನಿಂತಿದ್ದರು. ತಮ್ಮ ಗೆದ್ದ. ಅಣ್ಣ ನಡುಬೀದಿಯಲ್ಲಿ ನಿಂತು ಹಲ್ಲು ಕಡಿದದ್ದನ್ನು ರೈತನೂ ನೋಡಿದ.

ಮರುವಾರ ರೈತ ಕೋವಿ ಬಿಡಿಸಿಕೊಂಡು ಹೊರಟ. ಊರಬಾಗಿಲಲ್ಲಿ ಒಂದು ದಾರಿ ಅವನ ಮನೆಗೆ, ಇನ್ನೊಂದು ವ್ಯಾಪಾರಿಯ ಮನೆಗೆ. ಅಲ್ಲೇ ನಿಂತುಬಿಟ್ಟ. ಕಾಗದ ನೋಡಿದರೆ ನನ್ನದು, ದುಡ್ಡು ನೋಡಿದರೆ ಅವನದು. ಕೊಡಲೋ, ಇಟ್ಟುಕೊಳ್ಳಲೋ? ಇಟ್ಟುಕೊಂಡರೆ ಗೆಳೆಯನಿಗೆ ಮೋಸವಲ್ಲವೇ? ತಲೆ ಕೆಟ್ಟುಹೋಯಿತು. ಕೊನೆಗೆ, ಇನ್ನೊಬ್ಬರ ವಸ್ತು ನನಗೇಕೆ ಎಂದುಕೊಂಡು ವ್ಯಾಪಾರಿಗೆ ಒಪ್ಪಿಸಿ ಬಂದ. ಎಷ್ಟು ಪ್ರಾಮಾಣಿಕ ನೋಡು, ಪುಣ್ಯಾತ್ಮ!

ಮೂರನೆಯ ದಿನ ಅಣ್ಣ ಹಾರಿಸಿದ ಗುಂಡು ತಮ್ಮನ ತೊಡೆಗೆ ಬಿತ್ತು. ಕಾಲು ತೆಗೆಯಬೇಕಾಯಿತು. ರೈತ ಆಸ್ಪತ್ರೆಗೆ ಓಡಿದ. "ನಾನು ಹಾರಿಸಲಿಲ್ಲಪ್ಪ, ನನಗೆ ಹಾರಿಸಲೂ ಬರುವುದಿಲ್ಲ" ಎಂದು ಅತ್ತ.

ತಮ್ಮ ಅವನ ಮುಖವನ್ನೇ ನೋಡಿದ. "ನಾನು ಸಹಿ ಹಾಕಿದ್ದು ನಿನಗಲ್ಲವೇನೋ?" ಎಂದ.

ರೈತ ಹೊರಗೆ ಬರುವಷ್ಟರಲ್ಲಿ ಪೊಲೀಸರು ಅವನ ಹೆಸರು ಕೂಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಚಂದ್ರಯ್ಯನ ಗೊಂದಲ ಇನ್ನೂ ಹರಿದಿರಲಿಲ್ಲ. ಹಾರಿಸಿದವನು ಅಣ್ಣ, ಸಿಟ್ಟೂ ಅಣ್ಣನದು. "ಆದರೂ ಗುರುಗಳೇ, ರೈತ ಕೊಟ್ಟದ್ದು ಬರೀ ಹೆಸರು ತಾನೇ?" ಎಂದ.

"ಹೌದಪ್ಪ, ಆ ತಮ್ಮನಿಗಿದ್ದ ಕಾವಲೂ ಅದೊಂದೇ."