ಮನೆಗೆ ಹೋಗದ ಕಾವಲುಗಾರರು

“ಬುದ್ಧಿ, ನೋವೇ ಕೊಡದ ಗಂಟಿಗೂ ಹೆದರಬೇಕೇ?” ಎಂದು ಶಿಷ್ಯ ಸಿದ್ಧಮಲ್ಲ ಗುರುಗಳನ್ನು ಕೇಳಿದ.

ಪರಿಚಯದವನೊಬ್ಬನ ಕತ್ತಿನಲ್ಲಿ ಗಂಟು ಎದ್ದಿದೆ ಎಂದ. ಅದು ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಇರಬಹುದು, ಚೂರು ತೆಗೆದು ಪರೀಕ್ಷಿಸಬೇಕು ಎಂದು ಡಾಕ್ಟರು ಹೇಳಿದ್ದಾರಂತೆ. ಆದರೆ ಆ ಗ್ರಂಥಿಗಳು ಮೈಯನ್ನು ಕಾಯುವ ಚಾವಡಿಗಳಂತೆ, ಸಣ್ಣ ಜ್ವರಕ್ಕೂ ಊದಿಕೊಳ್ಳುತ್ತವಂತೆ.

ಪರಿಚಯದವನೆಂಬುದು ಸುಳ್ಳು. ಗಂಟು ಇದ್ದದ್ದು ಸಿದ್ಧಮಲ್ಲನ ಕತ್ತಿನಲ್ಲೇ. ಡಾಕ್ಟರು ಬಾ ಎಂದ ದಿನ ಕಳೆದು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಬಿಸಿಲಲ್ಲೂ ಕತ್ತಿಗೆ ವಸ್ತ್ರ ಸುತ್ತಿಕೊಂಡೇ ಓಡಾಡುತ್ತಿದ್ದ. ಹೆದರಬೇಡ ಎಂಬ ಒಂದು ಮಾತು ಸಿಕ್ಕಿದ್ದರೆ ಸಾಕಿತ್ತು, ಎದ್ದು ಹೋಗುತ್ತಿದ್ದ.

ಗುರುಗಳು ಆ ಮಾತು ಕೊಡಲಿಲ್ಲ. ಕತೆ ಹೇಳಿದರು.

ಒಬ್ಬ ಪಾಳೇಗಾರನಿಗೆ ಒಂದು ಕೋಟೆ ಇತ್ತು. ಕಳ್ಳರು ಬಂದರೆ ಕೊಂಬು ಊದುವರು, ಊರ ಗಂಡಸರು ಈಟಿ ಹಿಡಿದು ಕಾವಲಿಗೆ ನಿಲ್ಲುವರು. ಕಳ್ಳರು ಓಡಿದ ಮೇಲೆ ನಗಾರಿ ಬಾರಿಸುವರು, ಎಲ್ಲರೂ ಈಟಿ ಒಪ್ಪಿಸಿ ಮನೆಗೆ ಹೋಗುವರು. ಒಮ್ಮೆ ನಗಾರಿ ಬಾರಿಸಿದರೂ ಒಬ್ಬ ಹೋಗಲಿಲ್ಲ. ಅವನು ದ್ರೋಹಿಯಲ್ಲ, ಹೋಗುವುದನ್ನು ಮರೆತಿದ್ದ, ಅಷ್ಟೆ. ತನ್ನಂಥ ಇನ್ನೊಬ್ಬನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. ಅವನು ಮತ್ತೊಬ್ಬನನ್ನು ಕರೆದ. ಚಾವಡಿ ತುಂಬಿತು, ಓಣಿ ತುಂಬಿತು. ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಉಣ್ಣುತ್ತಿದ್ದರು, ನಿಂತಿರುತ್ತಿದ್ದರು.

ಅಡುಗೆಯ ಮುದುಕಿ ಪಾಳೇಗಾರನ ಮುಂದೆ ಬಂದಳು. “ದೊರೆ, ಮಕ್ಕಳ ಪಾಲಿನ ಮುದ್ದೆಯೂ ಇವರಿಗೇ ಹೋಗುತ್ತಿದೆ. ಈಗಲೇ ಕಳಿಸಿಬಿಡಿ.”

ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಅವನು ಕೇಳಿದ. ಇಲ್ಲ ಎಂದಳು.

“ನಮ್ಮವರೇ ತಾನೇ? ಇರಲಿ ಬಿಡು.”

ಮುದುಕಿ ಒಲೆಯ ಕಡೆಗೆ ಹಿಂದಿರುಗಿದಳು. ಮತ್ತೆ ಕಳ್ಳರು ಬಂದಾಗ ಅವರು ಹತ್ತೇ ಮಂದಿ. ಕೊಂಬು ಊದಿದರು. ಕೋಟೆಯ ತುಂಬ ಇದ್ದ ಕಾವಲುಗಾರರಲ್ಲಿ ಒಬ್ಬನೂ ಈಟಿ ಎತ್ತಲಿಲ್ಲ. ಅವರಿಗೆ ಕಾದಾಡುವುದು ಮರೆತೇ ಹೋಗಿತ್ತು. ಕೊಂಬು ಕೇಳಿ ಮನೆಯಿಂದ ಓಡಿಬಂದ, ಕಾದಾಡಬಲ್ಲ ನಾಲ್ವರಿಗೆ ಆ ಗುಂಪಿನ ನಡುವೆ ಕೋಟೆ ಬಾಗಿಲಿನವರೆಗೂ ದಾರಿ ಸಿಗಲಿಲ್ಲ. ಸಂಜೆಯೊಳಗೆ ಕೋಟೆ ಕೈಬಿಟ್ಟು ಹೋಯಿತು.

ಸಿದ್ಧಮಲ್ಲ ಕತ್ತಿನ ವಸ್ತ್ರವನ್ನು ಬಿಗಿಮಾಡಿಕೊಂಡ. ಪಾಳೇಗಾರನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಭಯವಾಯಿತು. “ಮುದುಕಿ ಹೇಳಿದ ದಿನವೇ ಕಳಿಸಿದ್ದರೆ ಕೋಟೆ ಉಳಿಯುತ್ತಿತ್ತೇ, ಬುದ್ಧಿ?” ಎಂದ.

ಗುರುಗಳು ಅವನ ಕತ್ತಿನ ವಸ್ತ್ರವನ್ನು ನೋಡುತ್ತ ಕೇಳಿದರು:

“ಡಾಕ್ಟರು ನಿನಗೆ ಯಾವತ್ತು ಬಾ ಎಂದಿದ್ದರು?”