ಕೋಡಿಗೆ ಅಡ್ಡ ಇಟ್ಟ ಕಲ್ಲು

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಸುಬ್ರಾಯ ಅಳಲಿಲ್ಲ. ತಾಯಿಯಿಲ್ಲದ ಅವನಿಗೆ ತುತ್ತಿಟ್ಟು ಸಾಕಿದವಳು ಅವಳು. ಆದರೂ ಅವನು ಪೊರಕೆ ಹಿಡಿದು ಆಶ್ರಮದ ಅಂಗಳ ಗುಡಿಸಿದ.

"ಭಲೇ, ಮನಸ್ಸು ಗೆದ್ದವನು!" ಎಂದರು ಉಳಿದ ಶಿಷ್ಯರು. ಹೊಗಳಿಕೆ ಯಾರಿಗೆ ಬೇಡ? ಸುಬ್ರಾಯ ಇನ್ನಷ್ಟು ಬಿಗಿಯಾದ.

ಆಮೇಲೆ ಶುರುವಾಯಿತು ಪೇಚು. ಅನ್ನ ಗಂಟಲಲ್ಲಿ ಇಳಿಯದು. ಜಪಕ್ಕೆ ಕೂತರೆ ಎದೆ ಭಾರ. ಒಂದು ದಿನ ಏನೂ ತಪ್ಪು ಮಾಡದ ಕರುವಿಗೆ ಹೊಡೆದೇಬಿಟ್ಟ. ಹೊಡೆದ ಕೈಯನ್ನೇ ನೋಡುತ್ತಾ ನಿಂತ. ಇಂಥವನು ಆಶ್ರಮದಲ್ಲಿರಲು ಲಾಯಕ್ಕೇ?

ಗುರುಗಳ ಬಳಿ ಹೋದ.

"ದುಃಖ ಗೆದ್ದಿದ್ದೇನೆ ಗುರುಗಳೇ. ಆದರೂ ನೆಮ್ಮದಿಯಿಲ್ಲ. ಯಾಕೆ ಅಂತ ತಿಳಿಯುತ್ತಿಲ್ಲ. ಗಂಟುಮೂಟೆ ಕಟ್ಟಿ ಹೊರಟುಬಿಡಲೇ?"

"ಮಳೆ ಜೋರಾಗಿ ಬಂದಿದೆ. ಹೋಗಿ ಕೆರೆ ನೋಡಿಕೊಂಡು ಬಾ."

ಕೇಳಿದ್ದೇನು, ಹೇಳಿದ್ದೇನು! ಸುಬ್ರಾಯ ತಲೆ ಕೆರೆದುಕೊಳ್ಳುತ್ತಾ ಹೋದ.

ಅವನು ಕಡಲ ಕಡೆಯವನು. ಕೆರೆಯ ರೀತಿ ತಿಳಿಯದವನು. ಕೆರೆ ತುಂಬಿತ್ತು. ಏರಿಯ ತುದಿಯಲ್ಲಿ, ಕಲ್ಲು ಹಾಸಿದ ತಗ್ಗಿನಲ್ಲಿ, ನೀರು ಹೊರಗೆ ಹರಿಯುತ್ತಿತ್ತು. ಅಯ್ಯೋ, ಸೋರುತ್ತಿದೆ ಎಂದುಕೊಂಡು ಕಲ್ಲು, ಜೇಡಿಮಣ್ಣು ಹೊತ್ತು ತಂದು ಗಟ್ಟಿಯಾಗಿ ಮುಚ್ಚಿ ಬಂದ.

ಮರುದಿನ ಬೆಳಿಗ್ಗೆ ಊರ ಹೆಂಗಸರು ಹೂವಿನ ತಟ್ಟೆ ಹಿಡಿದು ಆಶ್ರಮಕ್ಕೆ ಬಂದರು.

"ನಿನ್ನೇನೇ ಕೆರೆ ಕೋಡಿ ಬಿದ್ದೈತೆ ಬುದ್ಧಿ, ಪೂಜೆಗೆ ಬರಬೇಕು."

ಎಲ್ಲರೂ ಹೋಗಿ ನೋಡಿದರೆ ಕೋಡಿಯಲ್ಲಿ ಹನಿ ನೀರಿಲ್ಲ. ಅಡ್ಡಕ್ಕೆ ಹೊಸ ಕಟ್ಟೆ! ಗುರುಗಳು ಆ ವಯಸ್ಸಿನಲ್ಲೂ ಪಂಚೆ ಎತ್ತಿ ಕಟ್ಟಿ, ಇಳಿದು, ಕಲ್ಲು ಕೀಳತೊಡಗಿದರು.

"ಗುರುಗಳೇ, ಅಲ್ಲಿ ನೀರು ಪೋಲಾಗುತ್ತಿತ್ತು!"

"ಏರಿಯ ಆಚೆ ಬದಿಗೆ ಕೈಯಿಟ್ಟು ನೋಡು."

ಇಟ್ಟ. ಮಣ್ಣು ಕಲಸಿದ ಹಿಟ್ಟಿನಂತೆ ಮೆತ್ತಗಾಗಿತ್ತು. ಬೆರಳ ಸಂದಿಯಲ್ಲಿ ಕೆಸರುನೀರು ಜಿನುಗಿತು. ಏರಿಯ ಕೆಳಗೇ ಊರು. ಮನೆಗಳಿಂದ ಒಲೆಯ ಹೊಗೆ ಏಳುತ್ತಿತ್ತು.

ಓಡಿ ಬಂದು ಅವನೂ ಇಳಿದ. ಇಬ್ಬರೂ ಕೂಡಿ ಕೊನೆಯ ಕಲ್ಲು ಕಿತ್ತರು. ನೀರು ಭೋರೆಂದು ಹರಿಯಿತು. ದಡದಲ್ಲಿ ಹೆಂಗಸರು ಆರತಿ ಎತ್ತಿ ಹೂವು ತೇಲಿಬಿಟ್ಟರು.

ಸುಬ್ರಾಯನಿಗೆ ಗಲಿಬಿಲಿ.

"ತುಂಬಿ ಹೊರಗೆ ಚೆಲ್ಲಿದ್ದಕ್ಕೆ ಪೂಜೆಯೇ?"

"ಒಡೆದ ಮೇಲೆ ಪೂಜೆ ಮಾಡೋಣ ಅಂದರೆ ಊರೇ ಇರೋದಿಲ್ಲ ಕಣೋ."

ಸುಬ್ರಾಯ ಏನೋ ಹೇಳಲು ಬಾಯಿ ತೆರೆದ. "ಅಕ್ಕ..." ಎಂದಷ್ಟೇ ಬಂತು. ಮೊಣಕಾಲುದ್ದದ ನೀರಿನಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ಜನರೆದುರು ಅಳುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಗುರುಗಳು ಆ ಕೈಗಳನ್ನು ಮೆಲ್ಲಗೆ ಸರಿಸಿದರು. ದಡದ ಕಡೆ ತಿರುಗಿ ಕೂಗಿದರು:

"ತಟ್ಟೆಯಲ್ಲಿ ಹೂವು ಉಳಿದಿದ್ದರೆ ಇತ್ತ ತನ್ನಿ ತಾಯಿ. ಇಲ್ಲೂ ಕೋಡಿ ಬಿದ್ದಿದೆ."